ಇಂಗ್ಲಿಷ್ ವ್ಯಾಕರಣ: ನಿಯಮ ಮೊದಲೋ, ವಾಕ್ಯ ಮೊದಲೋ? ಕೊಡಗಿನ ತರಗತಿಗಳಿಗೆ ಒಂದು ಹೋಲಿಕೆ

ಕನ್ನಡ ಮಾಧ್ಯಮದ ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಆದರೆ ಗೋಣಿಕೊಪ್ಪಲಿನಲ್ಲೋ ಸುಂಟಿಕೊಪ್ಪದಲ್ಲೋ ಒಂದು ತರಗತಿಯ ಮಕ್ಕಳನ್ನು ಮನೆಮಾತು ಯಾವುದೆಂದು ಕೇಳಿದರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಬ್ಯಾರಿ, ಯರವ ಭಾಷೆ ಹೀಗೆ ಉತ್ತರಗಳು ಬರುತ್ತವೆ. ತೋಟಗಳ ಲೈನ್‌ಮನೆಗಳಿಗೆ ಅಸ್ಸಾಮಿನಿಂದ ದುಡಿಯಲು ಬಂದ ಕುಟುಂಬಗಳ ಮಕ್ಕಳೂ ಈಗ ಅಲ್ಲಲ್ಲಿ ಬೆಂಚು ಹಂಚಿಕೊಂಡಿದ್ದಾರೆ. ಇವರಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡವೇ ಶಾಲೆಗೆ ಬಂದ ಮೇಲೆ ಕಲಿತ ಭಾಷೆ. ಇಂಗ್ಲಿಷ್ ವ್ಯಾಕರಣವನ್ನು ಯಾವ ಪದ್ಧತಿಯಲ್ಲಿ ಕಲಿಸಬೇಕು ಎಂಬ ಹಳೆಯ ಚರ್ಚೆಯನ್ನು ಇಂಥ ತರಗತಿಯನ್ನು ಮುಂದಿಟ್ಟುಕೊಂಡು ನೋಡಿದಾಗ, ಶಿಕ್ಷಕರು ಒಂದೇ ಪದ್ಧತಿಗೆ ಅಂಟಿಕೊಳ್ಳಬೇಕೆಂಬ ವಾದವಾಗಲಿ, ಶಾಲೆಗೊಂದು ಪದ್ಧತಿ ಇರಬೇಕೆಂಬ ವಾದವಾಗಲಿ ನಿಲ್ಲುವುದಿಲ್ಲ. ಆಯ್ಕೆಯನ್ನು ವ್ಯಾಕರಣದ ಒಂದೊಂದು ಅಂಶಕ್ಕೂ ಬೇರೆಬೇರೆಯಾಗಿ ಮಾಡಬೇಕಾಗುತ್ತದೆ ಎಂಬುದು ಈ ಬರಹದ ನಿಲುವು.

ಎದುರಿಗಿರುವ ದಾರಿಗಳು

ಮೊದಲನೆಯದು ನಮಗೆಲ್ಲ ಗೊತ್ತಿರುವ ದಾರಿ. ಶಿಕ್ಷಕರು ನಿಯಮವನ್ನು ಹಲಗೆಯ ಮೇಲೆ ಬರೆದು, ಕನ್ನಡದಲ್ಲಿ ವಿವರಿಸಿ, ನಾಲ್ಕು ಉದಾಹರಣೆ ಕೊಟ್ಟು, ಅಭ್ಯಾಸಕ್ಕೆ ಬಿಡುತ್ತಾರೆ. ಯುರೋಪಿನ ಶಾಲೆಗಳಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಕಲಿಸುತ್ತಿದ್ದ ಕ್ರಮದಿಂದ ಬೆಳೆದು ಬಂದ ಈ ವ್ಯಾಕರಣ ಮತ್ತು ಅನುವಾದ ಪದ್ಧತಿಯನ್ನು ಹಳೆಯದೆಂದು ಹೀಗಳೆಯುವುದು ಈಗ ರೂಢಿಯಾಗಿದೆ. ಆದರೂ ನಲವತ್ತು ನಿಮಿಷದ ಅವಧಿಯಲ್ಲಿ, ತುಂಬಿದ ತರಗತಿಯಲ್ಲಿ, ಪರೀಕ್ಷೆ ಹತ್ತಿರವಿರುವಾಗ ಇದರಷ್ಟು ಕಡಿಮೆ ಸಮಯದಲ್ಲಿ ಕೆಲಸ ಮುಗಿಸುವ ಪದ್ಧತಿ ಬೇರೊಂದಿಲ್ಲ.

ಎರಡನೆಯದರಲ್ಲಿ ಕ್ರಮ ತಿರುವುಮುರುವಾಗುತ್ತದೆ. ಮಕ್ಕಳು ಮೊದಲು ಹತ್ತಾರು ವಾಕ್ಯಗಳನ್ನು ಓದುತ್ತಾರೆ, ಅವುಗಳಲ್ಲಿ ಸಮಾನವಾದುದನ್ನು ಹುಡುಕುತ್ತಾರೆ, ನಿಯಮವನ್ನು ತಮ್ಮ ಮಾತಿನಲ್ಲೇ ಹೇಳುತ್ತಾರೆ. ಶಿಕ್ಷಕರು ಕೊನೆಯಲ್ಲಿ ಅದನ್ನು ತಿದ್ದಿ ಖಚಿತಪಡಿಸುತ್ತಾರೆ. ಇದಕ್ಕೆ ಒಂದರ ಬದಲು ಎರಡು ಅವಧಿ ಬೇಕಾಗಬಹುದು. ನಿಯಮ ಸರಳವಾಗಿದ್ದು ಕಣ್ಣಿಗೆ ಕಾಣುವಂತಿದ್ದರೆ, ಉದಾಹರಣೆಗೆ 'ಎ' ಮತ್ತು 'ಆ್ಯನ್' ನಡುವಣ ವ್ಯತ್ಯಾಸ, ಬಹುವಚನ ಅಥವಾ 'ಟಾಲ್, ಟಾಲರ್, ಟಾಲೆಸ್ಟ್' ಮಾದರಿಯ ಹೋಲಿಕೆ ರೂಪಗಳು, ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದು ವಾಕ್ಯರಚನೆಯ ರೂಢಿ: ಒಂದೇ ಚೌಕಟ್ಟಿನಲ್ಲಿ ಪದಗಳನ್ನು ಬದಲಿಸುತ್ತಾ ಮತ್ತೆ ಮತ್ತೆ ಹೇಳಿಸುವುದು. 1950 ಮತ್ತು 1960ರ ದಶಕಗಳಲ್ಲಿ ಭಾರತದ ಶಾಲೆಗಳಲ್ಲಿ ರಚನಾ ಪದ್ಧತಿ ಎಂಬ ಹೆಸರಿನಲ್ಲಿ ಇದು ವ್ಯಾಪಕವಾಗಿ ಪ್ರಚಾರಕ್ಕೆ ಬಂತು. ಬೇಸರ ತರಿಸುತ್ತದೆಂಬ ಆರೋಪ ನಿಜವೇ. ಹಾಗೆಂದು ಪದ ಬದಲಿಸಿ ವಾಕ್ಯ ಕಟ್ಟುವ ಪಟ್ಟಿಯಾದ ಸಬ್‌ಸ್ಟಿಟ್ಯೂಷನ್ ಟೇಬಲನ್ನು ಕಪಾಟಿಗೆ ಸೇರಿಸಿಬಿಡುವುದು ಆತುರದ ತೀರ್ಮಾನ. ಎರಡು ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಸಣ್ಣ ಶಾಲೆಯಲ್ಲಿ ಒಂದು ಗುಂಪು ತಾನಾಗಿಯೇ ಮಾಡಿಕೊಳ್ಳಬಹುದಾದ ಅಭ್ಯಾಸ ಅದು.

ನಾಲ್ಕನೆಯದು ಚಟುವಟಿಕೆಯ ದಾರಿ, ನಮ್ಮ ನೆರೆಯಲ್ಲೇ ಪರೀಕ್ಷೆಗೆ ಒಳಗಾದದ್ದು. 1979ರಿಂದ 1984ರವರೆಗೆ ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಭಾಷಾ ಬೋಧನೆಯ ವಲಯದಲ್ಲಿ ಬೆಂಗಳೂರು ಪ್ರಾಜೆಕ್ಟ್ ಎಂದೇ ಪ್ರಸಿದ್ಧವಾದ ಪ್ರಯೋಗದಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನಿಟ್ಟು, ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗುತ್ತಿತ್ತು. ಅರ್ಥದ ಕಡೆಗೆ ಗಮನವಿದ್ದಾಗ ವ್ಯಾಕರಣ ತಾನಾಗಿ ಒಳಗೆ ರೂಪುಗೊಳ್ಳುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಚಟುವಟಿಕೆ ಎಂದರೆ ಮಕ್ಕಳನ್ನು ಗುಂಪು ಮಾಡಿ ಗದ್ದಲಕ್ಕೆ ಬಿಡುವುದೆಂದು ತಿಳಿದಿರುವವರು ಗಮನಿಸಬೇಕಾದ ಸಂಗತಿ ಇದು: ಪ್ರಭು ಅವರು ಗುಂಪು ಕೆಲಸಕ್ಕೆ ಒತ್ತು ಕೊಡಲಿಲ್ಲ, ಏಕೆಂದರೆ ಅಲ್ಲಿ ಮಕ್ಕಳ ಕಿವಿಗೆ ಬೀಳುವುದು ಪರಸ್ಪರರ ತಪ್ಪು ಇಂಗ್ಲಿಷೇ. ಶಿಕ್ಷಕರೇ ಇಡೀ ತರಗತಿಯೊಂದಿಗೆ ಮಾತನಾಡುತ್ತಾ ಸಮಸ್ಯೆಯನ್ನು ಬಿಡಿಸುತ್ತಿದ್ದರು. ಆದ್ದರಿಂದ ಮಕ್ಕಳ ಸಂಖ್ಯೆ ಹೆಚ್ಚಿರುವ ತರಗತಿಗೂ ಈ ದಾರಿ ಮುಚ್ಚಿಲ್ಲ.

ಸಂಶೋಧನೆ ಏನು ಹೇಳುತ್ತದೆ ಎಂದು ಕೇಳುವವರಿಗೆ ಒಂದು ಮಾತು. 2000ದಲ್ಲಿ ಜಾನ್ ನಾರಿಸ್ ಮತ್ತು ಲೂರ್ಡೆಸ್ ಒರ್ಟೆಗಾ ಅವರು ಅಲ್ಲಿಯವರೆಗಿನ ಹಲವಾರು ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ನಿಯಮವನ್ನು ಸ್ಪಷ್ಟವಾಗಿ ಹೇಳಿಕೊಡುವ ಬೋಧನೆಯೇ ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂತು. ಆದರೆ ಆ ಅಧ್ಯಯನಗಳ ಪರೀಕ್ಷೆಗಳಲ್ಲಿ ಹೆಚ್ಚಿನವು ನಿಯಮ ಬಲ್ಲವರಿಗೆ ಅನುಕೂಲವಾಗುವಂಥವು ಎಂಬುದನ್ನೂ ಅವರೇ ಹೇಳಿದ್ದಾರೆ. ಬಿಟ್ಟ ಸ್ಥಳ ತುಂಬುವ ಪರೀಕ್ಷೆಯಲ್ಲಿ ನಿಯಮ ಕಲಿತವರು ಗೆಲ್ಲುವುದು ಅಚ್ಚರಿಯೇನಲ್ಲ.

ಯಾವ ಅಂಶಕ್ಕೆ ಯಾವ ದಾರಿ

ಕನ್ನಡದ ವಾಕ್ಯದಲ್ಲಿ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ. ಪ್ರಶ್ನೆ ಕೇಳಲು ನಾವು ಕ್ರಿಯಾಪದದ ಕೊನೆಗೆ ಒಂದು ಸ್ವರ ಸೇರಿಸಿದರೆ ಸಾಕು, 'ಬಂದ' ಎನ್ನುವುದು 'ಬಂದನಾ' ಆಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲಿಂದಲೋ 'ಡಿಡ್' ಬಂದು ವಾಕ್ಯದ ಮುಂದೆ ನಿಲ್ಲುತ್ತದೆ, 'ಕೇಮ್' ಎಂಬುದು ಮತ್ತೆ 'ಕಮ್' ಆಗುತ್ತದೆ. ಇಂಥ ಕಡೆಗಳಲ್ಲಿ ಎರಡೂ ಭಾಷೆಗಳ ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ನಿಯಮವನ್ನು ನೇರವಾಗಿ ಹೇಳಿಬಿಡುವುದೇ ಮೇಲು. ಮಕ್ಕಳೇ ಕಂಡುಕೊಳ್ಳಲಿ ಎಂದು ಕಾಯುವುದರಿಂದ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಅವರ ಕಿವಿಗೆ 'ಯು ಆರ್ ಕಮಿಂಗ್?' ಎಂಬ ಕನ್ನಡದ ಧಾಟಿಯ ಪ್ರಶ್ನೆ ತೀರಾ ಸಹಜವಾಗಿ ಕೇಳುತ್ತದೆ. ಮನೆಮಾತು ಕನ್ನಡವಲ್ಲದ ಮಕ್ಕಳಿಗೂ ಈ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಕೊಡವ ತಕ್ಕ್, ಮಲಯಾಳಂ, ತುಳು ಎಲ್ಲವೂ ದ್ರಾವಿಡ ಭಾಷೆಗಳೇ ಆದ್ದರಿಂದ ಕ್ರಿಯಾಪದ ಕೊನೆಗೆ ಬರುವುದು ಎಲ್ಲರಿಗೂ ಒಂದೇ.

ರಿಪೋರ್ಟೆಡ್ ಸ್ಪೀಚ್ ಇದೇ ಗುಂಪಿಗೆ ಸೇರುತ್ತದೆ. 'ನಾಳೆ ಬರುತ್ತೇನೆ ಎಂದು ಅವನು ಹೇಳಿದ' ಎಂಬಲ್ಲಿ ಕನ್ನಡವು ಆಡಿದ ಮಾತನ್ನು ಆಡಿದಂತೆಯೇ ಇಟ್ಟುಕೊಂಡು 'ಎಂದು' ಸೇರಿಸುತ್ತದೆ. ಮಗು ಅದನ್ನೇ ಅನುಸರಿಸಿ 'ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೊ' ಎಂದು ಬರೆದರೆ ಬರುವವರು ಯಾರೆಂಬುದೇ ಬದಲಾಗಿಬಿಡುತ್ತದೆ. ಕನ್ನಡದಲ್ಲಿ ಮಾತು ಹಾಗೇ ಉಳಿಯುತ್ತದೆ, ಇಂಗ್ಲಿಷಿನಲ್ಲಿ ಸರ್ವನಾಮವೂ ಕಾಲವೂ ಆ ಮಾತನ್ನು ಈಗ ತಿಳಿಸುತ್ತಿರುವವನ ಕಡೆಯಿಂದ ಬದಲಾಗುತ್ತವೆ ಎಂಬ ಒಂದು ವಾಕ್ಯದ ವಿವರಣೆ, ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಹತ್ತು ನಿಯಮಗಳಿಗಿಂತ ಬೇಗ ತಲೆಗೆ ಹೋಗುತ್ತದೆ.

ಟೆನ್ಸ್ ವಿಷಯದಲ್ಲಿ ಮಾತ್ರ ಅರ್ಧ ದಾರಿ ನಿಯಮ, ಅರ್ಧ ದಾರಿ ಉದಾಹರಣೆ. 'ನಾನು ದಿನಾ ಮಡಿಕೇರಿಗೆ ಹೋಗುತ್ತೇನೆ', 'ನಾಳೆ ಮಡಿಕೇರಿಗೆ ಹೋಗುತ್ತೇನೆ' ಎರಡಕ್ಕೂ ನಮ್ಮಲ್ಲಿ ಒಂದೇ ಕ್ರಿಯಾರೂಪ; ಇಂಗ್ಲಿಷಿನಲ್ಲಿ ಎರಡು. ಇದನ್ನು ಹೇಳಿಯೇ ಕೊಡಬೇಕು. ಆದರೆ ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಒಂದೇ ವಾರದಲ್ಲಿ ಹಲಗೆ ತುಂಬ ಬರೆದು, 'ಶಲ್ ಹ್ಯಾವ್ ಬೀನ್ ಗೋಯಿಂಗ್' ತನಕ ಓಡಿಸುವ ಪರಿಪಾಠದಿಂದ ಮಕ್ಕಳಿಗೆ ಪಟ್ಟಿ ಬರುತ್ತದೆಯೇ ಹೊರತು ಟೆನ್ಸ್ ಬರುವುದಿಲ್ಲ. ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಬರೆದು ತಂದು, ವಿರಾಜಪೇಟೆಯಿಂದ ಹೊರಟವರು ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಕುಶಾಲನಗರವನ್ನು ಎಷ್ಟು ಹೊತ್ತಿಗೆ ತಲುಪಬಹುದೆಂದು ಇಂಗ್ಲಿಷಿನಲ್ಲಿ ಲೆಕ್ಕ ಹಾಕಿಸಿದರೆ 'ದ ಬಸ್ ಲೀವ್ಸ್ ಅಟ್ ಏಟ್' ಎಂಬ ಸರಳ ವರ್ತಮಾನ ಹತ್ತು ಸಲ ಅರ್ಥಸಹಿತವಾಗಿ ಬಾಯಿಗೆ ಬರುತ್ತದೆ.

ಆ 'ಲೀವ್ಸ್' ಕೊನೆಯಲ್ಲಿರುವ 'ಎಸ್' ಬೇರೆಯೇ ಕಥೆ. ಕನ್ನಡದಲ್ಲಿ ಬಂದೆ, ಬಂದ, ಬಂದಳು, ಬಂದರು ಎಂದು ಕ್ರಿಯಾಪದ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ. ಮಲಯಾಳಂನಲ್ಲಿ ಯಾರು ಬಂದರೂ 'ವನ್ನು' ಒಂದೇ. ಹಾಗಾದರೆ ಕನ್ನಡ ಮನೆಮಾತಿನ ಮಗುವಿಗೆ 'ಹಿ ಗೋಸ್' ಸುಲಭವಾಗಬೇಕಿತ್ತು, ಮಲಯಾಳಂ ಮಗುವಿಗೆ ಕಷ್ಟವಾಗಬೇಕಿತ್ತು. ಇಬ್ಬರೂ 'ಹಿ ಗೋ' ಎಂದೇ ಬರೆಯುತ್ತಾರೆ. 1974ರಲ್ಲಿ ಸಂಶೋಧಕರಾದ ಹೈಡಿ ಡ್ಯುಲೇ ಮತ್ತು ಮರಿನಾ ಬರ್ಟ್ ಅವರು ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳಲ್ಲೂ ಇಂಥದ್ದನ್ನೇ ಕಂಡರು: ಮನೆಮಾತು ಯಾವುದೇ ಇರಲಿ, ಇಂಗ್ಲಿಷಿನ ಕೆಲವು ಪ್ರತ್ಯಯಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕೈವಶವಾಗುತ್ತವೆ, ಈ 'ಎಸ್' ಬರುವುದು ಆ ಸಾಲಿನ ಕೊನೆಯ ಕಡೆಗೆ. ನಿಯಮ ಹೇಳಿದ ಮಾರನೆಯ ದಿನವೇ ಮಕ್ಕಳು ಅದನ್ನು ಮರೆತರೆ ಅದಕ್ಕೆ ಅವರ ಅಲಕ್ಷ್ಯವೇ ಕಾರಣವೆಂದು ಭಾವಿಸಬಾರದು. ನಿಯಮವನ್ನು ಒಮ್ಮೆ ಹೇಳಿ, ವಾಕ್ಯರೂಢಿಯ ಅಭ್ಯಾಸವನ್ನು ದಿನಕ್ಕೆ ಐದು ನಿಮಿಷದಂತೆ ವರ್ಷವಿಡೀ ಹರಡುವುದೇ ಇಲ್ಲಿನ ಸರಿಯಾದ ಆಯ್ಕೆ ಎಂದು ನನಗನಿಸುತ್ತದೆ.

'ಎ', 'ಆ್ಯನ್', 'ದ' ಎಂಬ ಆರ್ಟಿಕಲ್‌ಗಳಿಗೆ ಕನ್ನಡದಲ್ಲಿ ಸರಿಹೊಂದುವ ಪದವಿಲ್ಲ. 'ಒಂದು', 'ಆ' ಎಂಬಿವು ಹತ್ತಿರ ಬಂದರೂ ಬಹಳ ಕಡೆ ಬೇಕಾಗುವುದಿಲ್ಲ. 'ದ' ಎಲ್ಲಿ ಬರಬೇಕೆಂಬ ನಿಯಮಗಳೋ, ಅಪವಾದಗಳ ಸಮೇತ, ಪುಟಗಟ್ಟಲೆ ಇವೆ. ನಿಯಮ ಮೊದಲು ಎಂಬ ದಾರಿ ಇಲ್ಲಿ ಬೇಗ ದಣಿಯುತ್ತದೆ. ಅದರ ಬದಲು ಕೊಡಗಿನ ನಕ್ಷೆಯೊಂದನ್ನು ಗೋಡೆಗೆ ತೂಗುಹಾಕಿ, ಅದರ ಬಗ್ಗೆ ಶಿಕ್ಷಕರು ಬರೆದ ಒಂದು ಪುಟದ ಇಂಗ್ಲಿಷ್ ವಿವರಣೆಯನ್ನು ಓದಿಸಿ, 'ದ' ಎಲ್ಲೆಲ್ಲಿ ಇದೆ ಎಂದು ಗೆರೆ ಎಳೆಯಲು ಹೇಳಬಹುದು. ದ ಕಾವೇರಿ, ದ ಹಾರಂಗಿ, ದ ವೆಸ್ಟರ್ನ್ ಘಾಟ್ಸ್ ಒಂದು ಕಡೆ. ಮಡಿಕೇರಿ, ತಡಿಯಂಡಮೋಳ್, ಸೋಮವಾರಪೇಟೆ ಇನ್ನೊಂದು ಕಡೆ. ನದಿಗೂ ಪರ್ವತಸಾಲಿಗೂ 'ದ' ಇದೆ, ಒಂಟಿ ಬೆಟ್ಟಕ್ಕೂ ಊರಿಗೂ ಇಲ್ಲ ಎಂಬುದನ್ನು ಏಳನೆಯ ತರಗತಿಯ ಮಕ್ಕಳು ಹತ್ತು ನಿಮಿಷದಲ್ಲಿ ತಾವೇ ಹೇಳಬಲ್ಲರು, ಮತ್ತು ತಾವೇ ಹೇಳಿದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ. 'ಅಟ್', 'ಆನ್', 'ಇನ್' ಮುಂತಾದ ಪ್ರಿಪೊಸಿಷನ್‌ಗಳಿಗೂ ಇದೇ ಕ್ರಮ ಹೊಂದುತ್ತದೆ.

ಪ್ಯಾಸಿವ್ ವಾಯ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮ ತರಗತಿಗಳಲ್ಲಿ ಅತಿ ಹೆಚ್ಚು ಅಭ್ಯಾಸವಾಗುವುದೂ ಅತಿ ಕಡಿಮೆ ಬಳಕೆಯಾಗುವುದೂ ಅದೇ. ಕನ್ನಡ ವ್ಯಾಕರಣದ ಕರ್ಮಣಿ ಪ್ರಯೋಗವನ್ನು ತೋರಿಸಿ, 'ರಾಮನಿಂದ ಮರವು ಕಡಿಯಲ್ಪಟ್ಟಿತು' ಎಂದು ಹೇಳಿ, ಇಂಗ್ಲಿಷಿನಲ್ಲೂ ಹೀಗೆಯೇ ಎನ್ನುವುದು ವಾಡಿಕೆ. ಆದರೆ ಕನ್ನಡದಲ್ಲಿ ಹಾಗೆ ಯಾರೂ ಮಾತನಾಡುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ನಾವು 'ರಸ್ತೆ ಮುಚ್ಚಿದ್ದಾರೆ' ಎನ್ನುತ್ತೇವೆ. ಯಾರು ಮುಚ್ಚಿದರೆಂಬುದು ಅಲ್ಲಿ ಮುಖ್ಯವಲ್ಲ. ಇಂಗ್ಲಿಷಿನ 'ದ ರೋಡ್ ಹ್ಯಾಸ್ ಬೀನ್ ಕ್ಲೋಸ್ಡ್' ಎಂಬುದಕ್ಕೆ ನಮ್ಮ ಮಾತಿನಲ್ಲಿ ಸರಿಸಾಟಿಯಾದದ್ದು ಕರ್ತೃವನ್ನು ಬಿಟ್ಟ ಈ ವಾಕ್ಯವೇ. ಇಷ್ಟು ಮನವರಿಕೆಯಾದ ಮೇಲೆ ಪ್ಯಾಸಿವ್ ಕಲಿಸಲು ಕೊಡಗಿನ ಮಕ್ಕಳ ಅಂಗಳದಲ್ಲೇ ಸಾಮಗ್ರಿ ಇದೆ. ಅರೇಬಿಕಾ ಕಾಫಿ ಹಣ್ಣು ಕೊಯ್ದು, ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ (ತೆಳು ಹೊಟ್ಟಿನೊಳಗಿನ ಒಣ ಬೀಜ) ಮಾಡುವ ಕೆಲಸವನ್ನು ಹಂತಹಂತವಾಗಿ ಬರೆಯಿಸಿದರೆ 'ದ ಬೆರೀಸ್ ಆರ್ ಪಿಕ್ಡ್', 'ದೇ ಆರ್ ವಾಷ್ಡ್', 'ದೇ ಆರ್ ಡ್ರೈಡ್ ಇನ್ ದ ಸನ್' ಎಂದು ಪ್ಯಾಸಿವ್ ಬಿಟ್ಟು ಬೇರೆ ರೂಪವೇ ಸಹಜವೆನಿಸುವುದಿಲ್ಲ. ಕೊಯ್ದವರು ಯಾರೆಂದು ಪ್ರತಿ ವಾಕ್ಯದಲ್ಲೂ ಹೇಳುವ ಅಗತ್ಯವಿಲ್ಲವೆಂಬುದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ. ರೊಬಸ್ಟಾವನ್ನು ಹೆಚ್ಚಾಗಿ ಹಣ್ಣಾಗಿಯೇ ಒಣಗಿಸಿ ಚೆರ್ರಿ ಮಾಡುವುದರಿಂದ, ಎರಡನ್ನೂ ಹೋಲಿಸಿ ಬರೆಯುವ ಇನ್ನೊಂದು ಚಟುವಟಿಕೆಯೂ ಅಲ್ಲೇ ಸಿದ್ಧವಾಗಿದೆ. ಇದು ಸ್ಪಷ್ಟವಾಗಿ ನಾಲ್ಕನೆಯ ದಾರಿಯ ಪಾಠ. ಆಕ್ಟಿವ್ ವಾಕ್ಯವನ್ನು ಪ್ಯಾಸಿವ್ ಮಾಡುವ ಯಾಂತ್ರಿಕ ಅಭ್ಯಾಸವನ್ನು ಪರೀಕ್ಷೆಯ ಸಲುವಾಗಿ ಆಮೇಲೆ ಒಂದು ಅವಧಿಯಲ್ಲಿ ಮುಗಿಸಬಹುದು.

'ಇಫ್' ವಾಕ್ಯಗಳಿಗೆ ಹೂಮಳೆಗಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. ಮಾರ್ಚಿನಲ್ಲಿ ಮಳೆ ಬಂದರೆ ಕಾಫಿ ಹೂ ಬಿಡುತ್ತದೆ, ಈ ವಾರ ಬಂದರೆ ಸ್ಪ್ರಿಂಕ್ಲರ್ ಖರ್ಚು ಉಳಿಯುತ್ತದೆ, ಕಳೆದ ವರ್ಷ ಸಕಾಲಕ್ಕೆ ಬಂದಿದ್ದರೆ ಫಸಲು ಚೆನ್ನಾಗಿರುತ್ತಿತ್ತು. ಇಂಗ್ಲಿಷಿನ ಮೂರು ಬಗೆಯ ಷರತ್ತು ವಾಕ್ಯಗಳು ತೋಟದವರ ದಿನನಿತ್ಯದ ಮಾತಿನೊಳಗೇ ಇವೆ.

ವಿವರಣೆ ಯಾವ ಭಾಷೆಯಲ್ಲಿ

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ಹಟ ಖಾಸಗಿ ಶಾಲೆಗಳಲ್ಲಿ ಹೆಚ್ಚು, ಎಲ್ಲವನ್ನೂ ಕನ್ನಡಕ್ಕೆ ಇಳಿಸುವ ಅಭ್ಯಾಸ ಉಳಿದ ಕಡೆ ಹೆಚ್ಚು. ನನ್ನ ಆಯ್ಕೆ ಹೀಗಿದೆ: ವಿವರಣೆ ಕನ್ನಡದಲ್ಲಿರಲಿ, ಆದರೆ ತರಗತಿಯ ದಿನನಿತ್ಯದ ಸೂಚನೆಗಳು, ಪ್ರಶ್ನೆಗಳು, ಮೆಚ್ಚುಗೆಯ ಮಾತುಗಳು ಇಂಗ್ಲಿಷಿನಲ್ಲಿರಲಿ. ನಿಯಮವನ್ನು ಇಂಗ್ಲಿಷಿನಲ್ಲಿ ಕೇಳಿ ಅರ್ಥಮಾಡಿಕೊಳ್ಳಬಲ್ಲ ಮಗುವಿಗೆ ಆ ನಿಯಮದ ಅಗತ್ಯ ಬಹುಮಟ್ಟಿಗೆ ತೀರಿರುತ್ತದೆ. ಇನ್ನು ಪಾರಿಭಾಷಿಕ ಪದಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಕನ್ನಡ ವ್ಯಾಕರಣದ ಪ್ರಥಮ ಪುರುಷ ಎಂದರೆ 'ಅವನು, ಅವಳು'; ಇಂಗ್ಲಿಷಿನ ಫಸ್ಟ್ ಪರ್ಸನ್ ಎಂದರೆ 'ನಾನು, ನಾವು'. ಬೆಳಿಗ್ಗೆ ಕನ್ನಡ ಪಾಠದಲ್ಲಿ ಒಂದನ್ನು, ಮಧ್ಯಾಹ್ನ ಇಂಗ್ಲಿಷ್ ಪಾಠದಲ್ಲಿ ಇನ್ನೊಂದನ್ನು ಕಲಿಯುವ ಮಕ್ಕಳು ಗೊಂದಲಕ್ಕೆ ಬೀಳುವುದರಿಂದ, ಇಂಗ್ಲಿಷಿನ ಪದಗಳನ್ನೇ ಉಳಿಸಿಕೊಂಡು ವಿವರಣೆಯನ್ನು ಮಾತ್ರ ಕನ್ನಡದಲ್ಲಿ ಕೊಡುವುದು ಕ್ಷೇಮ. ಅಸ್ಸಾಮಿನಿಂದ ಬಂದ ಮಕ್ಕಳಿಗೆ ಕನ್ನಡದ ವಿವರಣೆ ನೆರವಾಗುವುದು ಕಡಿಮೆ. ಅವರ ಮಟ್ಟಿಗೆ ಚಿತ್ರ, ಅಭಿನಯ ಮತ್ತು ವಾಕ್ಯರೂಢಿಯೇ ಆಸರೆ.

ಕಲಿಯುವವರು ಯಾರು, ಯಾತಕ್ಕೆ

ಹತ್ತನೆಯ ತರಗತಿಯವರಿಗೆ ಎಸ್ಸೆಸ್ಸೆಲ್ಸಿ ಇದೆ. ದ್ವಿತೀಯ ಭಾಷೆಯ ನೂರು ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಕ್ವೆಶ್ಚನ್ ಟ್ಯಾಗ್ (ವಾಕ್ಯದ ಕೊನೆಗೆ ಸೇರುವ ಪುಟ್ಟ ಪ್ರಶ್ನೆ), ವಾಯ್ಸ್, ರಿಪೋರ್ಟೆಡ್ ಸ್ಪೀಚ್‌ನಂಥ ಪ್ರಶ್ನೆಗಳಿಗೆ ನಿಯಮ ಮೊದಲು ಎಂಬ ದಾರಿಯೇ ಸಾಕಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯುವ ಪ್ರಶ್ನೆಗಳಲ್ಲಿ ಸ್ವಂತ ವಾಕ್ಯ ಬೇಕು, ಅದಕ್ಕೆ ನಿಯಮ ಒಂದೇ ಸಾಲದು. ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಚಟುವಟಿಕೆಗಳಿಗೆ ಸಮಯ ಕೊಟ್ಟು, ಹತ್ತರಲ್ಲಿ ನಿಯಮಗಳನ್ನು ಒಟ್ಟುಗೂಡಿಸುವುದು ಒಳ್ಳೆಯದು. ಬಹುತೇಕ ಕಡೆ ನಡೆಯುವುದು ಇದಕ್ಕೆ ವಿರುದ್ಧ.

ಹೋಂಸ್ಟೇಗಳಲ್ಲಿ ಕೆಲಸ ಮಾಡುವವರಿಗೆ, ಚಾಲಕರಿಗೆ, ಅಂಗಡಿಯವರಿಗೆ ಸಂಜೆಯ ತರಗತಿ ನಡೆಸುವವರು ಟೆನ್ಸ್ ಪಟ್ಟಿಯಿಂದ ಆರಂಭಿಸಿದರೆ ಎರಡನೆಯ ವಾರಕ್ಕೆ ಬೆಂಚುಗಳು ಖಾಲಿಯಾಗುತ್ತವೆ. 'ವುಡ್ ಯು ಲೈಕ್', 'ಷಲ್ ಐ ಬ್ರಿಂಗ್', 'ಬ್ರೇಕ್‌ಫಾಸ್ಟ್ ಈಸ್ ಸರ್ವ್ಡ್ ಅಟ್' ಮುಂತಾದ ಸಿದ್ಧ ವಾಕ್ಯಗಳನ್ನು ರೂಢಿ ಮಾಡಿಸಿ, ಅವು ಬಾಯಿಗೆ ಬಂದ ಮೇಲೆ ಅವುಗಳೊಳಗಿನ ವ್ಯಾಕರಣವನ್ನು ತೋರಿಸುವುದು ಇವರಿಗೆ ಸೂಕ್ತ. 'ಇವತ್ತೇ ಬಂದೆ' ಎಂಬುದನ್ನು 'ಟುಡೇ ಓನ್ಲಿ ಐ ಕೇಮ್' ಎನ್ನುವವರನ್ನು ಪದೇ ಪದೇ ತಿದ್ದಬೇಕೇ? ಕೇಳುವ ಅತಿಥಿಗೆ ಅರ್ಥವಾಗುತ್ತದೆ, ಅವರೂ ಹೆಚ್ಚಾಗಿ ಬೆಂಗಳೂರಿನವರೇ. ಇಲ್ಲಿ ಶಿಕ್ಷಕರು ತಮ್ಮ ಉತ್ಸಾಹವನ್ನು ಸ್ವಲ್ಪ ತಡೆಹಿಡಿಯುವುದು ಒಳಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಪದವೀಧರರಿಗೆ ಮಾತ್ರ ನಿಯಮ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ.

ಮಳೆ ಮತ್ತು ತಿದ್ದುಪಡಿ

ಪದ್ಧತಿಗಳ ಹೋಲಿಕೆಯಲ್ಲಿ ಹವಾಮಾನ ಸಾಮಾನ್ಯವಾಗಿ ಬರುವುದಿಲ್ಲ, ಕೊಡಗಿನಲ್ಲಿ ಬರಲೇಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದಾಗ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಘೋಷಿಸುತ್ತದೆ. ರಜೆಯಿಲ್ಲದ ದಿನವೂ ದೂರದ ಮಕ್ಕಳು ಬರಲಾರರು. ಉದಾಹರಣೆಯಿಂದ ನಿಯಮಕ್ಕೆ ಹೋಗುವ ಪಾಠವೂ ದೊಡ್ಡ ಚಟುವಟಿಕೆಯೂ ಒಂದಕ್ಕೊಂದು ಬೆಸೆದ ಎರಡು ಮೂರು ಅವಧಿಗಳನ್ನು ಬೇಡುತ್ತವೆ. ಸೋಮವಾರ ವಾಕ್ಯ ಓದಿದ ಮಕ್ಕಳು ಮುಂದಿನ ಸೋಮವಾರ ಬಂದರೆ ಎಳೆ ತಪ್ಪಿರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಒಂದೇ ಅವಧಿಯಲ್ಲಿ ಮುಗಿಯುವ, ನಿಯಮ ಮೊದಲಿನ ಪಾಠಗಳನ್ನೂ ಮನೆಯಲ್ಲೇ ಮಾಡಬಹುದಾದ ಸಬ್‌ಸ್ಟಿಟ್ಯೂಷನ್ ಟೇಬಲ್‌ಗಳನ್ನೂ ಇಟ್ಟುಕೊಂಡು, ನಕ್ಷೆ, ಕಾಫಿ, ವೇಳಾಪಟ್ಟಿಗಳ ಚಟುವಟಿಕೆಗಳನ್ನು ದಸರಾ ರಜೆಯ ನಂತರಕ್ಕೆ ಕಾಯ್ದಿರಿಸುವುದು ವ್ಯಾವಹಾರಿಕ. ಅರೇಬಿಕಾ ಕೊಯ್ಲು ಶುರುವಾಗುವುದೂ ಆಗಲೇ.

ತಪ್ಪನ್ನು ತಿದ್ದುವ ವಿಧಾನದಲ್ಲೂ ಆಯ್ಕೆಗಳಿವೆ. ಮಗು 'ಹಿ ಗೋ' ಎಂದಾಗ ಶಿಕ್ಷಕರು 'ಹಿ ಗೋಸ್' ಎಂದು ಸರಿಯಾದ ರೂಪವನ್ನು ತಾವೇ ನುಡಿದು ಮುಂದೆ ಹೋಗುವುದು ಅತ್ಯಂತ ಸಾಮಾನ್ಯ. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ತಿದ್ದಿದಾಗ ಮಕ್ಕಳು ತಮ್ಮ ತಪ್ಪನ್ನು ಸರಿಪಡಿಸಿಕೊಂಡದ್ದು ಕಡಿಮೆ, 'ಹಿ...?' ಎಂದು ನಿಲ್ಲಿಸಿ ಅವರ ಬಾಯಿಂದಲೇ ಸರಿಯಾದ ರೂಪವನ್ನು ಹೊರಡಿಸಿದಾಗ ಹೆಚ್ಚು. ಬರವಣಿಗೆಯಲ್ಲಿ ಎಲ್ಲ ತಪ್ಪುಗಳಿಗೂ ಕೆಂಪು ಗೆರೆ ಎಳೆಯುವ ಬದಲು ಆ ವಾರ ಕಲಿಸಿದ ಅಂಶದ ತಪ್ಪುಗಳನ್ನಷ್ಟೇ ಗುರುತಿಸಿದರೆ ಶಿಕ್ಷಕರ ಸಮಯವೂ ಉಳಿಯುತ್ತದೆ, ಮಗುವಿನ ಕಣ್ಣೂ ಒಂದು ಕಡೆ ನಿಲ್ಲುತ್ತದೆ.

ಮಕ್ಕಳಿಗೆ ಟ್ಯೂಷನ್ ಹುಡುಕುತ್ತಿರುವ ಪೋಷಕರು ಇಂಗ್ಲಿಷ್ ಬಲ್ಲವರಾಗಿರಬೇಕಿಲ್ಲ. ಸೇರಿಸುವ ಮುನ್ನ ಅಲ್ಲಿ ಈಗಾಗಲೇ ಕಲಿಯುತ್ತಿರುವ ಮಗುವೊಂದರ ನೋಟ್ ಪುಸ್ತಕವನ್ನು ಕೇಳಿ ನೋಡಿದರೆ ಸಾಕು. ಎಲ್ಲ ಮಕ್ಕಳ ಪುಸ್ತಕದಲ್ಲೂ ಒಂದೇ ವಾಕ್ಯಗಳಿದ್ದರೆ ಅಲ್ಲಿ ನಡೆಯುತ್ತಿರುವುದು ನಕಲು. ಪುಸ್ತಕದಿಂದ ಪುಸ್ತಕಕ್ಕೆ ವಾಕ್ಯಗಳು ಬೇರೆಯಾಗಿದ್ದು, ಒಬ್ಬಳು ಹುತ್ತರಿ ಹಬ್ಬದ ಬಗ್ಗೆ, ಇನ್ನೊಬ್ಬ ತನ್ನ ಮನೆಯ ಹಂದಿಗೂಡಿನ ಬಗ್ಗೆ ತಪ್ಪು ತಪ್ಪಾಗಿಯಾದರೂ ಬರೆದು, ಅದನ್ನು ಯಾರೋ ಓದಿ ತಿದ್ದಿದ ಗುರುತಿದ್ದರೆ, ಶುಲ್ಕ ಸ್ವಲ್ಪ ಹೆಚ್ಚಾದರೂ ಅಲ್ಲಿಗೇ ಕಳುಹಿಸಬಹುದು.